ಬಾಡಿಗೆ ಪೂರ್ತಿ, ಮನೆ ಮಾತ್ರ ಮುಕ್ಕಾಲು

ಬಾಡಿಗೆ ಮನೆ ಒಂದೇ ಏಟಿಗೆ ಕೈತಪ್ಪುವುದು ಅಪರೂಪ. ಅದು ಚೂರುಚೂರಾಗಿ ಹೋಗುತ್ತದೆ. ಮೊದಲು ಟೆರೇಸಿನ ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೆ ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಓನರ್ ಮಗನ ಹೊಸ ಕಾರು ಬಂದು ನಿಲ್ಲುತ್ತದೆ. ಮಳೆಗಾಲ ಬಂದಾಗ ಹಿಂದಿನ ಕೋಣೆ ಸೋರಿ, ಹಾಸಿಗೆ ಹಾಲಿಗೆ ಬರುತ್ತದೆ. ಕೇಳಿದರೆ “ಒಂದೆರಡು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ” ಅನ್ನುತ್ತಾರೆ. ಆ ಒಂದೆರಡು ತಿಂಗಳು ಹತ್ತು ತಿಂಗಳಾದರೂ ಬಾಡಿಗೆ ಮಾತ್ರ ಒಂದು ರೂಪಾಯಿ ಕಡಿಮೆಯಾಗದೆ ಹೋಗುತ್ತಲೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಬಾಡಿಗೆದಾರರು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಕೆಲವರು ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ಕೆಲವರು ಸಿಟ್ಟಿಗೆದ್ದು ಪೂರ್ತಿ ಬಾಡಿಗೆಯನ್ನೇ ನಿಲ್ಲಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯ. ಬಾಡಿಗೆ ನಿಂತ ತಿಂಗಳಿಂದಲೇ ಮಾತು ಸೋರುವ ಕೋಣೆಯನ್ನು ಬಿಟ್ಟು ಬಾಕಿಯ ಕಡೆಗೆ ತಿರುಗುತ್ತದೆ. ತಪ್ಪು ಯಾರದ್ದೇ ಇರಲಿ, ಕೋರ್ಟಿನ ಮುಂದೆ ಬಾಕಿದಾರರಾಗಿ ನಿಲ್ಲುವವರು ಬಾಡಿಗೆದಾರರೇ. ಮೂರನೆಯ ದಾರಿಯೊಂದಿದೆ. ಕಳೆದುಕೊಂಡ ಭಾಗಕ್ಕೆ ಬೆಲೆ ಕಟ್ಟಿ, ಅಷ್ಟನ್ನು ಇಳಿಸುವಂತೆ ಬರವಣಿಗೆಯಲ್ಲಿ ಕೇಳಿ, ಓನರ್ ಒಪ್ಪುವವರೆಗೆ ಬಾಡಿಗೆಯನ್ನು ತಪ್ಪದೆ ಕಟ್ಟುತ್ತಾ ಹೋಗುವುದು. ಇದಕ್ಕೆ ತಾಳ್ಮೆ ಬೇಕು, ಕಾಗದವೂ ಬೇಕು.

ಷೆಡ್ಯೂಲ್‌ನಲ್ಲಿ ಏನಿದೆ?

ಯಾವ ಭಾಗ ನಿಮ್ಮದು, ಯಾವುದು ಅಲ್ಲ ಎಂಬುದು ಕರಾರು ಪತ್ರದ ಕೊನೆಯ ಪುಟದಲ್ಲಿ ತೀರ್ಮಾನವಾಗುತ್ತದೆ. ಸಾಕ್ಷಿಗಳ ಸಹಿಗೆ ಸ್ವಲ್ಪ ಮೇಲೆ ‘ಷೆಡ್ಯೂಲ್’ ಎಂದು ನಾಲ್ಕು ಸಾಲು ಇರುತ್ತದಲ್ಲ, ಅದೇ. ಟೈಪಿಂಗ್ ಅಂಗಡಿಯವರು ಹಳೆಯ ಫೈಲು ತೆಗೆದು ಹೆಸರು, ಮೊತ್ತ ಬದಲಿಸಿ ಪ್ರಿಂಟ್ ಕೊಡುತ್ತಾರೆ. ಷೆಡ್ಯೂಲ್‌ನಲ್ಲಿ “ಒಂದು ಹಾಲ್, ಎರಡು ಬೆಡ್‌ರೂಮ್, ಅಡುಗೆಮನೆ, ಸ್ನಾನದಮನೆ, ನೀರು ಮತ್ತು ವಿದ್ಯುತ್ ಸೌಲಭ್ಯ ಸಹಿತ” ಎಂದಷ್ಟೇ ಉಳಿಯುತ್ತದೆ. ಪಾರ್ಕಿಂಗ್, ಟೆರೇಸ್, ಯುಟಿಲಿಟಿ, ಮೆಟ್ಟಿಲ ಕೆಳಗಿನ ಜಾಗ, ಹಿತ್ತಲು, ಅಟ್ಟ, ಸಂಪ್ ಇವೆಲ್ಲ ಬಾಯಿಮಾತಿನಲ್ಲೇ ನಿಂತಿರುತ್ತವೆ. ಕಳೆದುಹೋಗುವುದೂ ಹೆಚ್ಚಾಗಿ ಇವೇ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು ಹೊಣೆಗಳನ್ನು ಹೇಳುತ್ತದೆ. ಆದರೆ ಅದು ಶುರುವಾಗುವುದೇ ‘ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ’ ಎಂಬ ಷರತ್ತಿನಿಂದ. ಅಂದರೆ ಕರಾರಿನಲ್ಲಿ ಏನು ಬರೆದಿದೆಯೋ ಅದಕ್ಕೇ ಮೊದಲ ಮಣೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ನೀವು ಕೇಳಬಹುದು. ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳೂ ಅದರಿಂದ ಹೊರಗೆ. ಇವತ್ತಿನ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ 3,500ಕ್ಕೆ ಎಷ್ಟು ಮನೆ ಸಿಗುತ್ತವೆ? ಹಾಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು 1882ರ ಆ ಹಳೆಯ ಕಾಯ್ದೆ ಮತ್ತು ಸ್ಟಾಂಪ್ ಪೇಪರಿನ ಮೇಲಿನ ಕರಾರು.

ಆದ್ದರಿಂದ ಸಹಿ ಹಾಕುವ ಮೊದಲು ಷೆಡ್ಯೂಲ್ ಅನ್ನು ಈ ಥರ ಬಿಡಿಸಿ ಬರೆಸಿಕೊಳ್ಳಬೇಕು: “ಮೊದಲ ಮಹಡಿಯ ಪೂರ್ವ ಬಾಗಿಲಿನ ಮನೆ. ಒಂದು ಹಾಲ್, ಎರಡು ಕೋಣೆ, ಅಡುಗೆಮನೆ, ಯುಟಿಲಿಟಿ, ಎರಡು ಸ್ನಾನದಮನೆ. ನೆಲಮಹಡಿಯಲ್ಲಿ ಗೇಟಿನ ಎಡಕ್ಕೆ ಒಂದು ಕಾರು ಮತ್ತು ಒಂದು ಬೈಕ್ ನಿಲ್ಲಿಸುವ ಜಾಗ. ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಬೆಳಿಗ್ಗೆಯಿಂದ ಸಂಜೆವರೆಗೆ ಪ್ರವೇಶ. ಸಂಪ್ ಹಾಗೂ ಓವರ್‌ಹೆಡ್ ಟ್ಯಾಂಕಿನ ನೀರು, ಮೋಟಾರ್ ಸ್ವಿಚ್ ಬಳಸುವ ಹಕ್ಕು.” ಐದಾರು ಸಾಲು ಹೆಚ್ಚಾದರೆ ಟೈಪಿಂಗ್ ಖರ್ಚು ಏರುವುದಿಲ್ಲ. ಇದರ ಜೊತೆ ಇನ್ನೊಂದು ಸಾಲು ಸೇರಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ: “ಷೆಡ್ಯೂಲ್‌ನ ಯಾವುದೇ ಭಾಗ ಬಾಡಿಗೆದಾರರ ತಪ್ಪಿಲ್ಲದೆ 7 ದಿನಕ್ಕಿಂತ ಹೆಚ್ಚು ಕಾಲ ಬಳಕೆಗೆ ಸಿಗದಿದ್ದರೆ, ಆ ಅವಧಿಗೆ ಬಾಡಿಗೆಯನ್ನು ಅದೇ ಪ್ರಮಾಣದಲ್ಲಿ ಇಳಿಸಲಾಗುವುದು.” ಎಲ್ಲ ಓನರ್‌ಗಳೂ ಒಪ್ಪುವುದಿಲ್ಲ ನಿಜ. ಆದರೆ ಒಪ್ಪುವವರು ಜನ ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ, ಯಾಕೆಂದರೆ ಕೇಳುವವರೇ ಕಡಿಮೆ.

ಹನ್ನೊಂದು ತಿಂಗಳ ಕರಾರು ಮುಗಿದುಹೋಗಿದೆ, ಹೊಸದು ಮಾಡಿಸಿಲ್ಲ, ಇನ್ನು ಯಾವ ಹಕ್ಕೂ ಇಲ್ಲ ಎಂದು ಹೆದರುವವರು ತುಂಬ ಜನ. ಹಾಗಲ್ಲ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಅದೇ ಕಾಯ್ದೆಯ 116ನೇ ಕಲಮಿನ ಪ್ರಕಾರ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಬೇರೆ ಮಾತುಕತೆ ಆಗಿಲ್ಲದಿದ್ದರೆ ಹಳೆಯ ಷರತ್ತುಗಳೇ ಅದರ ಜೊತೆಗಿರುತ್ತವೆ. ನಿಮ್ಮ ಪಾರ್ಕಿಂಗ್ ಹಳೆಯ ಷೆಡ್ಯೂಲ್‌ನಲ್ಲಿದ್ದರೆ ಇವತ್ತಿಗೂ ಅದು ನಿಮ್ಮ ಬಳಕೆಯದ್ದೇ.

ಕೊಡದೇ ಇಟ್ಟ ಕೋಣೆ, ಆಮೇಲೆ ಬೀಗ ಬಿದ್ದ ಕೋಣೆ

“ಆ ಕೋಣೆಯಲ್ಲಿ ನಮ್ಮ ಸಾಮಾನಿದೆ, ಮುಂದಿನ ತಿಂಗಳು ಖಾಲಿ ಮಾಡಿಕೊಡ್ತೀವಿ” ಎಂದು ಓನರ್ ಹೇಳುತ್ತಾರೆ. ಬಾಡಿಗೆ ಮೊದಲ ದಿನದಿಂದಲೇ ಪೂರ್ತಿ ಮನೆಗೆ. ಇಂಥದ್ದೇ ಒಂದು ತಗಾದೆ ಕಲ್ಕತ್ತದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸುರೇಂದ್ರನಾಥ್ ಬಿಬ್ರಾ ಮತ್ತು ಸ್ಟೀಫನ್ ಕೋರ್ಟ್ ಕಂಪನಿಯ ನಡುವಿನ ಪ್ರಕರಣ ಅದು, ತೀರ್ಪು 1966ರದ್ದು. ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದನ್ನು ಬಾಡಿಗೆದಾರರ ವಶಕ್ಕೆ ಕೊಟ್ಟಿರಲಿಲ್ಲ. ಹಾಗಾಗಿ ಪೂರ್ತಿ ಬಾಡಿಗೆಯನ್ನೇ ಕೊಡಬೇಕಾಗಿಲ್ಲ ಎಂಬುದು ಅವರ ವಾದ. ಪೂರ್ತಿ ನಿಲ್ಲಿಸಬಹುದೇ, ಪ್ರಮಾಣಕ್ಕೆ ತಕ್ಕಷ್ಟು ಕೊಡಬೇಕೇ ಎಂಬುದು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಂತಿದೆ ಎಂದು ಕೋರ್ಟ್ ಹೇಳಿತು. ಉಳಿದ ಭಾಗವನ್ನು ಅನುಭವಿಸುತ್ತಾ ಒಂದು ಪೈಸೆಯನ್ನೂ ಕೊಡದಿರುವುದು ನ್ಯಾಯವಲ್ಲ, ಪ್ರಮಾಣಕ್ಕೆ ತಕ್ಕ ಬಾಡಿಗೆ ಕೊಡಬೇಕು ಎಂಬುದು ಆ ಪ್ರಕರಣದಲ್ಲಿ ನಿಂತ ಮಾತು. ಇದನ್ನು ಬಾಡಿಗೆದಾರರ ಸೋಲು ಎಂದು ಓದಬೇಕಿಲ್ಲ. ಕೊಡದ ಭಾಗಕ್ಕೆ ಬಾಡಿಗೆ ಇಲ್ಲ ಎಂಬುದೂ ಅದೇ ತೀರ್ಪಿನಲ್ಲಿ ಅಡಗಿದೆ.

ಮೊದಲು ಕೊಟ್ಟು, ನೀವು ಬಳಸುತ್ತಿದ್ದ ಭಾಗಕ್ಕೆ ನಡುವೆ ಬೀಗ ಹಾಕಿದರೆ ಅದು ಇನ್ನೂ ಗಂಭೀರ. ಬಾಡಿಗೆ ಕೊಡುತ್ತಿರುವವರೆಗೆ ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸುವ ಭರವಸೆ 108ನೇ ಕಲಮಿನಲ್ಲೇ ಇದೆ. ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ವಶ ತಪ್ಪಿಸಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಬಹುದು. ಇಲ್ಲಿ ಒಡೆತನ ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. ವಶ ಯಾರದ್ದಿತ್ತು, ಹೇಗೆ ತಪ್ಪಿತು ಎಂಬುದಷ್ಟೇ ವಿಚಾರ. ಆದರೆ ವಶ ತಪ್ಪಿದ ದಿನದಿಂದ 6 ತಿಂಗಳೊಳಗೆ ದಾವೆ ಹಾಕಿರಬೇಕು. ಜನ ಎಡವುವುದು ಇಲ್ಲೇ. ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಾ ಏಳನೆಯ ತಿಂಗಳಿಗೆ ವಕೀಲರ ಬಳಿ ಹೋಗುತ್ತಾರೆ. ಬೀಗ ಬಿದ್ದ ದಿನಾಂಕವನ್ನು ಆವತ್ತೇ ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ದಾಖಲಿಸಿಡಬೇಕು: “ಸರ್, ಇವತ್ತು ಬೆಳಿಗ್ಗೆ ಟೆರೇಸ್ ಬಾಗಿಲಿಗೆ ಬೀಗ ಹಾಕಿದ್ದೀರಿ. ಕರಾರಿನ ಪ್ರಕಾರ ನಮಗೆ ಅಲ್ಲಿ ಪ್ರವೇಶವಿದೆ. ದಯವಿಟ್ಟು ಕೀ ಕೊಡಿ.” ಜಗಳದ ಮಾತು ಬೇಕಿಲ್ಲ, ತಾರೀಖು ಮತ್ತು ಸಂಗತಿ ಸಾಕು.

ನೀವೇ ಬೀಗ ಒಡೆಯಲು ಹೋಗಬೇಡಿ. ಪೊಲೀಸ್ ಠಾಣೆಗೆ ಹೋದರೆ “ಇದು ಸಿವಿಲ್ ಮ್ಯಾಟರ್” ಎಂದು ಕಳಿಸುವುದೇ ಹೆಚ್ಚು. ಆದರೂ ಓನರ್ ನಿಮ್ಮ ವಶದಲ್ಲಿರುವ ಕೋಣೆಗೆ ನುಗ್ಗಿ ಸಾಮಾನು ಹೊರಗೆ ಹಾಕಿದ್ದರೆ, ಬೆದರಿಸಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಲೇಬೇಕು. ಇನ್ನೊಬ್ಬರ ವಶದಲ್ಲಿರುವ ಜಾಗಕ್ಕೆ ಬೆದರಿಸುವ ಅಥವಾ ಅಪರಾಧ ಎಸಗುವ ಉದ್ದೇಶದಿಂದ ನುಗ್ಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅಕ್ರಮ ಪ್ರವೇಶವಾಗುತ್ತದೆ. ಓನರ್ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ.

ಕರೆಂಟ್ ತೆಗೆದು ಮಣಿಸುವವರೂ ಇದ್ದಾರೆ. ವಿದ್ಯುತ್ ಮೂಲಭೂತ ಸೌಲಭ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ದಿಲೀಪ್ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಕೂಡ ‘ಮಾಲೀಕ ಅಥವಾ ವಾಸವಿರುವವರು’ ಎಂದೇ ಹೇಳುತ್ತದೆ. ಎಸ್ಕಾಂ ಕಚೇರಿಗೆ ಅರ್ಜಿ ಹಾಕುವಾಗ ಈ ಎರಡನ್ನೂ ಅರ್ಜಿಯಲ್ಲೇ ಬರೆಯಿರಿ.

ಸೋರುವ ಕೋಣೆ

ನಮ್ಮ ಊರುಗಳಲ್ಲಿ ಬಾಡಿಗೆದಾರರು ಅತಿ ಹೆಚ್ಚು ಜಾಗ ಕಳೆದುಕೊಳ್ಳುವುದು ಬೀಗದಿಂದಲ್ಲ, ನೀರಿನಿಂದ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಿಲ್ಲದೆ ಹಾಕಿದ ದೂರಿಗೆ ಸಿಗುವ ಉತ್ತರ ಒಂದೇ, “ಪೇಂಟ್ ಹೊಡೆಸ್ತೀನಿ ಬಿಡಿ”. ಒದ್ದೆ ಗೋಡೆಯ ಮೇಲಿನ ಪೇಂಟು ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ಕಲೆ ಎಲ್ಲಿದೆ ಎಂದು ಮೊದಲು ನೋಡಿ. ಚಾವಣಿ ಮತ್ತು ಗೋಡೆ ಸೇರುವ ಅಂಚಿನಲ್ಲಿ ಉದ್ದಕ್ಕೆ ಗೆರೆಯಂತೆ ಹರಡಿದ್ದರೆ ಟೆರೇಸಿನ ಪ್ಯಾರಾಪೆಟ್ ಬುಡದಲ್ಲಿ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಚಾವಣಿಯ ನಡುವೆ ದುಂಡಗೆ ಹರಡುತ್ತಾ, ಬೇಸಿಗೆಯಲ್ಲೂ ಒಣಗದಿದ್ದರೆ ಮೇಲಿನ ಮನೆಯ ಸ್ನಾನದಮನೆ ಅಥವಾ ಅದರ ಪೈಪು. ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಏರಿದ್ದರೆ ನೆಲದ ತೇವ, ಇಲ್ಲವೇ ಗೋಡೆಯೊಳಗಿನ ಪೈಪು. ಮಳೆ ಬಂದ ಕೆಲವು ಗಂಟೆಗಳಲ್ಲೇ ಹನಿ ಬಿದ್ದರೆ ಟೆರೇಸು. ಆಗ ಮೊದಲು ನೋಡಬೇಕಾದದ್ದು ಮಳೆನೀರು ಇಳಿಯುವ ಪೈಪಿನ ಬಾಯಿ. ಎಲೆ, ಪ್ಲಾಸ್ಟಿಕ್ ಕವರ್, ಪಾರಿವಾಳದ ಗೂಡಿನ ಕಡ್ಡಿ ತುಂಬಿ ಅದು ಕಟ್ಟಿಕೊಂಡಿದ್ದರೆ ಟೆರೇಸು ಕೆರೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿಯ ವಾಟರ್‌ಪ್ರೂಫಿಂಗ್ ಆಗಬೇಕು ಎಂದುಕೊಂಡದ್ದು ಆ ಬಾಯಿಗೆ ಕೈಹಾಕಿ ಕಸ ತೆಗೆದಾಗ ನಿಂತುಹೋಗುತ್ತದೆ.

ಮೇಲಿನ ಸ್ನಾನದಮನೆಯ ಮೇಲೆ ಅನುಮಾನವಿದ್ದರೆ ಅವರ ಒಪ್ಪಿಗೆ ಪಡೆದು ನೀರು ನಿಲ್ಲಿಸಿ ನೋಡುವುದೇ ಸರಿಯಾದ ಪರೀಕ್ಷೆ. ನೆಲದ ನೀರು ಹೊರಹೋಗುವ ಜಾಲರಿಯನ್ನು ಬಟ್ಟೆ ಸುತ್ತಿದ ಪ್ಲಗ್ಗಿನಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ, ಬಾಗಿಲಿನ ಹೊಸ್ತಿಲು ದಾಟದಂತೆ ನೋಡಿಕೊಂಡು 24 ಗಂಟೆ ಬಿಡಬೇಕು. ನೀರಿಗೆ ಚೂರು ಬಣ್ಣ ಬೆರೆಸಿದರೆ ಕೆಳಗೆ ಬಂದದ್ದು ಅದೇ ನೀರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗೋಡೆಯೊಳಗಿನ ಪೈಪಿನ ಬಗ್ಗೆ ಪ್ಲಂಬರ್‌ಗಳು ಕೆಲವೊಮ್ಮೆ “ಮೀಟರ್ ನೋಡಿ” ಎನ್ನುತ್ತಾರೆ. ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಇದರಿಂದ ಏನೂ ತಿಳಿಯದು, ಯಾಕೆಂದರೆ ಮೀಟರ್ ದಾಟಿದ ನೀರು ಸಂಪಿಗೆ ಬೀಳುತ್ತದೆ. ಮನೆಯೊಳಗಿನ ಪೈಪುಗಳಿಗೆ ನೀರು ಬರುವುದು ಮೇಲಿನ ಟ್ಯಾಂಕಿನಿಂದ. ರಾತ್ರಿ ಟ್ಯಾಂಕು ತುಂಬಿಸಿ, ಎಲ್ಲ ನಲ್ಲಿ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಪೈಪು ಅಥವಾ ಫ್ಲಶ್ ಟ್ಯಾಂಕು ಸೋರುತ್ತಿದೆ. ಫ್ಲಶ್ ಟ್ಯಾಂಕಿನ ವಾಲ್ವ್ ಮುಚ್ಚಿ ಇನ್ನೊಂದು ರಾತ್ರಿ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಗೋಡೆ ಒದ್ದೆಯಾಗಿರುವ ಕಡೆ ಸ್ವಿಚ್‌ಬೋರ್ಡ್ ಇದ್ದರೆ ಮೊದಲು ಆ ಕೋಣೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಕೆಳಗಿಳಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬಾರದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಪದೇಪದೇ ಟ್ರಿಪ್ ಆಗುತ್ತಿದ್ದರೆ ಅದನ್ನು ತೆಗೆಸಿ ನೇರ ವೈರ್ ಕೊಡುವ ಎಲೆಕ್ಟ್ರಿಷಿಯನ್ನರ ಮಾತು ಕೇಳಬೇಡಿ; ಅದು ಟ್ರಿಪ್ ಆಗುತ್ತಿರುವುದೇ ನಿಮ್ಮನ್ನು ಉಳಿಸಲು.

ರಿಪೇರಿ ಯಾರ ಹೊಣೆ? ಇಲ್ಲೊಂದು ಕಹಿ ಸತ್ಯವಿದೆ. ಮನೆ ಓನರದ್ದು, ಹಾಗಾಗಿ ರಿಪೇರಿಯೂ ಅವರದ್ದೇ ಎಂದು ಎಲ್ಲರೂ ನಂಬಿದ್ದಾರೆ. 1882ರ ಕಾಯ್ದೆ ಹಾಗೆ ಸಾರಾಸಗಟಾಗಿ ಹೇಳುವುದಿಲ್ಲ. ಅದು ಹೇಳುವುದಿಷ್ಟು: ಮಾಲೀಕರು ಮಾಡಿಸಲು ಬದ್ಧರಾಗಿರುವ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸೂಕ್ತ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆ ಬದ್ಧತೆ ಕರಾರಿನಿಂದಲೇ ಬರಬೇಕು. ಹಾಗಾಗಿ “ಚಾವಣಿ, ಗೋಡೆ, ಗೋಡೆಯೊಳಗಿನ ಪೈಪು ಮತ್ತು ವೈರಿಂಗ್, ವಾಟರ್‌ಪ್ರೂಫಿಂಗ್ ರಿಪೇರಿ ಮಾಲೀಕರ ಹೊಣೆ, ಬಲ್ಬು, ನಲ್ಲಿಯ ವಾಷರ್, ಬಾಗಿಲ ಚಿಲಕದಂಥ ಸಣ್ಣಪುಟ್ಟದ್ದು ಬಾಡಿಗೆದಾರರದ್ದು” ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಆ ಸಾಲಿಲ್ಲದೆ ಖರ್ಚನ್ನು ನೀವೇ ಬಾಡಿಗೆಯಲ್ಲಿ ಮುರಿದುಕೊಂಡರೆ ಅದು ಬಾಕಿ ಎಂದು ಲೆಕ್ಕವಾಗುವ ಅಪಾಯವಿದೆ. ಸಾಲಿಲ್ಲದಿದ್ದರೆ ಮೊದಲು ಓನರ್‌ರಿಂದ “ಆಯ್ತು, ಮಾಡಿಸಿ, ಬಾಡಿಗೆಯಲ್ಲಿ ಹಿಡ್ಕೊಳ್ಳಿ” ಎಂಬ ಒಂದು ಸಂದೇಶ ಪಡೆದುಕೊಳ್ಳಿ. ಇಬ್ಬರು ಮೇಸ್ತ್ರಿಗಳ ಅಂದಾಜು ಪಟ್ಟಿಯನ್ನು ಕಳಿಸಿ ಕೇಳಿದರೆ ಒಪ್ಪಿಗೆ ಸಿಗುವುದು ಸುಲಭ.

ಸಮಯದ ವಿಷಯದಲ್ಲಿ ಬಾಡಿಗೆದಾರರೂ ಸ್ವಲ್ಪ ನ್ಯಾಯವಾಗಿರಬೇಕು. ಟೆರೇಸಿನ ವಾಟರ್‌ಪ್ರೂಫ್ ಕೋಟಿಂಗ್ ಒಣ ಮೇಲ್ಮೈಗೆ ಮಾತ್ರ ಹಿಡಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಬೆಂಗಳೂರಿನ ಮಳೆಯಲ್ಲಿ ಅಥವಾ ಜುಲೈನ ಮಂಗಳೂರಿನಲ್ಲಿ ಬಳಿಸಿದರೆ ದುಡ್ಡು ದಂಡ. ಅಂಥ ಹೊತ್ತಿನಲ್ಲಿ ಓನರ್ ಮಾಡಬಹುದಾದದ್ದು ಟಾರ್ಪಾಲು ಹೊದಿಸಿ, ನೀರು ಇಳಿಯುವ ದಾರಿ ಬಿಡಿಸಿ, ಜನವರಿಯಿಂದ ಏಪ್ರಿಲ್ ನಡುವೆ ಕೆಲಸ ಮಾಡಿಸುತ್ತೇನೆ ಎಂದು ಬರೆದುಕೊಡುವುದು. ಅಲ್ಲಿಯವರೆಗೆ ಕೋಣೆಯ ಬಾಡಿಗೆ ಇಳಿಸಬೇಕು. ಕೆಲಸ ತಡವಾಗುವುದಕ್ಕೆ ಮಳೆ ಕಾರಣವಾಗಬಹುದು, ಪೂರ್ತಿ ಬಾಡಿಗೆ ಕೇಳುವುದಕ್ಕೆ ಕಾರಣವಾಗದು.

ನೆರೆ, ಬೆಂಕಿಯಂಥವುಗಳಲ್ಲಿ ಲೆಕ್ಕ ಬೇರೆ. ಬೆಂಕಿ, ಬಿರುಗಾಳಿ, ನೆರೆಯಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ ಅಥವಾ ಶಾಶ್ವತವಾಗಿ ಬಳಸಲಾಗದಂತಾದರೆ ಬಾಡಿಗೆದಾರರು ಕರಾರನ್ನು ರದ್ದಾಯಿತೆಂದು ಪರಿಗಣಿಸಿ ಹೊರಬರಬಹುದು ಎನ್ನುತ್ತದೆ 108ನೇ ಕಲಮು. ಆದರೆ ಆ ಕಲಮು ಕೊಡುವುದು ಹೊರಬರುವ ಹಕ್ಕು. ಉಳಿದುಕೊಂಡು ಕಡಿಮೆ ಕೊಡುವ ಹಕ್ಕಲ್ಲ. ಹಾನಿ ತಾತ್ಕಾಲಿಕವಾಗಿದ್ದರೆ ಅದೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಬಾಡಿಗೆದಾರರು ಬಾಡಿಗೆಗೆ ತಡೆ ಕೇಳಿದಾಗ, ತಾತ್ಕಾಲಿಕವಾಗಿ ಬಳಸಲಾಗದಿದ್ದರೆ ಈ ಕಲಮು ಅನ್ವಯಿಸದು ಎಂದು ದೆಹಲಿ ಹೈಕೋರ್ಟ್ ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ನೆರೆ ಬಂದು ಎಷ್ಟೋ ಬೇಸ್‌ಮೆಂಟುಗಳು ಮುಳುಗಿದವಲ್ಲ, ಅಂಥ ಕಡೆ ಬಾಡಿಗೆದಾರರಿಗೆ ನೆರವಾಗುವುದು ಕಾಯ್ದೆಗಿಂತ ಹೆಚ್ಚಾಗಿ ಕರಾರಿನ ಆ ‘7 ದಿನ’ದ ಸಾಲು. ಕಟ್ಟಡ ಪೂರ್ತಿ ಬಿದ್ದುಹೋದರೂ ಬಾಡಿಗೆ ಹಕ್ಕು ತಾನಾಗಿ ಸಾಯುವುದಿಲ್ಲ, ಯಾಕೆಂದರೆ ಅದರಲ್ಲಿ ನೆಲವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಾಹಾ ರತನ್‌ಸಿ ಖೀಮ್‌ಜಿ ಪ್ರಕರಣದಲ್ಲಿ ಹೇಳಿರುವುದನ್ನು ಹಳೆಯ ಅಂಗಡಿಗಳ ಬಾಡಿಗೆದಾರರು ನೆನಪಿಡಬೇಕು.

ತಲೆ ಮೇಲೆ ಇನ್ನೊಂದು ಮಹಡಿ

30x40 ಸೈಟಿನ ಬಡಾವಣೆಗಳಲ್ಲಿ ಪದೇಪದೇ ಕಾಣುವ ಸಂಗತಿ ಇದು. ಕೆಳಗೆ ಬಾಡಿಗೆದಾರರು ಇರುವಾಗಲೇ ಓನರ್ ಮೇಲೆ ಮತ್ತೊಂದು ಮಹಡಿ ಎಬ್ಬಿಸುತ್ತಾರೆ. ಗೇಟಿನೊಳಗೆ ಎಂ ಸ್ಯಾಂಡ್, ಜಲ್ಲಿ ಬಂದು ಬೀಳುತ್ತದೆ, ಪಾರ್ಕಿಂಗ್ ಹೋಯಿತು. ಟೆರೇಸ್ ಹೋಯಿತು. ಮೇಲಿನ ಟ್ಯಾಂಕನ್ನು ಎತ್ತಿ ಪಕ್ಕಕ್ಕಿಡುತ್ತಾರೆ, ನೀರಿನ ಒತ್ತಡ ಹೋಯಿತು. ಕಂಬ ಎಬ್ಬಿಸಲು ಹಳೆಯ ಚಾವಣಿ ಒಡೆದ ಜಾಗದಲ್ಲಿ ಮಳೆ ಬಂದರೆ ಕೆಳಗೆ ಹನಿ. ಮೋಲ್ಡ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ಸಂಪಿನ ನೀರೇ ಬೇಕು. ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಆದರೆ 10 ದಿನ ಒದ್ದೆಯಾಗಿಡಬೇಕು. ಮೇಸ್ತ್ರಿಗಳು ಅದಕ್ಕಿಂತ ಹೆಚ್ಚು ದಿನವೇ ನೀರು ಕಟ್ಟಿ ನಿಲ್ಲಿಸುತ್ತಾರೆ, ಅದು ಒಳ್ಳೆಯದೂ ಹೌದು. ಕೆಳಗಿನವರಿಗೆ ಸ್ನಾನಕ್ಕೆ ನೀರಿಲ್ಲದಾಗುವುದು ಆ ದಿನಗಳಲ್ಲೇ.

ಇಲ್ಲಿ ತಡೆಯಾಜ್ಞೆ ತರುತ್ತೇನೆ ಎನ್ನುವುದಕ್ಕಿಂತ ಕೆಲಸ ಶುರುವಾಗುವ ಮೊದಲು ಕೂತು ಮಾತಾಡುವುದರಿಂದ ಹೆಚ್ಚು ಸಿಗುತ್ತದೆ. ಓನರ್‌ಗೂ ಆ ಹೊತ್ತಿಗೆ ಮನೆ ಖಾಲಿಯಾದರೆ ನಷ್ಟ. ಧೂಳು, ಸದ್ದಿನ ನಡುವೆ ಹೊಸಬರು ಬರುವುದಿಲ್ಲ. ಕೇಳಬೇಕಾದ್ದು ಇವು: ಕ್ಯೂರಿಂಗ್ ನೀರಿಗೆ ಪ್ರತ್ಯೇಕ ಟ್ಯಾಂಕರ್ ಅಥವಾ ಡ್ರಮ್ಮು, ಟ್ಯಾಂಕು ಎತ್ತಿಡುವ ಮೊದಲು ಬದಲಿ ಸಿಂಟೆಕ್ಸ್ ಜೋಡಣೆ, ಕೆಲಸದ ಹೊತ್ತು ಬೆಳಿಗ್ಗೆ ಎಷ್ಟರಿಂದ ಸಂಜೆ ಎಷ್ಟರವರೆಗೆ ಎಂಬುದು, ಕೆಲಸ ಮುಗಿಯುವವರೆಗೆ ಬಾಡಿಗೆಯಲ್ಲಿ ಇಂತಿಷ್ಟು ಕಡಿತ, ಬೇಡವೆನಿಸಿದರೆ ನೋಟಿಸ್ ಅವಧಿಯಿಲ್ಲದೆ ಪೂರ್ತಿ ಅಡ್ವಾನ್ಸ್ ವಾಪಸ್ ಪಡೆದು ಬಿಡುವ ಅವಕಾಶ. ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಎಷ್ಟು ಕಡಿಮೆ ಕೇಳಬೇಕು?

“ಏನಾದರೂ ಕಡಿಮೆ ಮಾಡಿ” ಎಂದರೆ 500 ರೂಪಾಯಿ ಸಿಗುತ್ತದೆ. ಲೆಕ್ಕ ಹಿಡಿದು ಕೇಳಬೇಕು. ಬಾಡಿಗೆ 18,000, ಮನೆಯ ಒಳಗಿನ ಅಳತೆ 650 ಚದರಡಿ, ಹಾಳಾದ ಕೋಣೆ 110 ಚದರಡಿ ಎಂದಿಟ್ಟುಕೊಳ್ಳಿ. ಬರೀ ಅಳತೆಯ ಲೆಕ್ಕದಲ್ಲಿ ಆ ಕೋಣೆಯ ಪಾಲು ಸುಮಾರು 17 ಶೇಕಡಾ, ಅಂದರೆ 3,046 ರೂಪಾಯಿ. ಆದರೆ ಕೋಣೆ ಹೋದ ಮೇಲೆ ಅದು ಎರಡು ಬೆಡ್‌ರೂಮಿನ ಮನೆಯಾಗಿ ಉಳಿಯಲಿಲ್ಲ. ಅದೇ ಬೀದಿಯಲ್ಲಿ ಒಂದು ಬೆಡ್‌ರೂಮಿನ ಮನೆ 13,000ಕ್ಕೆ ಸಿಗುತ್ತಿದ್ದರೆ ನಿಜವಾದ ನಷ್ಟ 5,000. ಈ ಎರಡು ಅಂಕಿಗಳ ನಡುವೆ ನ್ಯಾಯವಾದ ಮೊತ್ತ ಇರುತ್ತದೆ. 5,000 ಕೇಳಿ, 4,000ಕ್ಕೆ ಒಪ್ಪಿಕೊಂಡರೆ ಇಬ್ಬರಿಗೂ ಸಲ್ಲುವ ಮಾತು. ಅಡುಗೆಮನೆ ಅಥವಾ ಇರುವ ಒಂದೇ ಸ್ನಾನದಮನೆ ಹೋದರೆ ಚದರಡಿ ಲೆಕ್ಕಕ್ಕೆ ಅರ್ಥವೇ ಇಲ್ಲ. 40 ಚದರಡಿಯ ಶೌಚಾಲಯವಿಲ್ಲದೆ ಉಳಿದ 610 ಚದರಡಿಯಲ್ಲಿ ಬದುಕಲಾಗದು. ಪಾರ್ಕಿಂಗ್ ಹೋದರೆ ಹತ್ತಿರದಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಜಾಗದ ತಿಂಗಳ ದರ, ನೀರು ಹೋದರೆ ಟ್ಯಾಂಕರ್ ರಸೀದಿಗಳು, ಇವೇ ಅಳತೆಗೋಲು.

ಲೀಸಿಗೆ, ಅಂದರೆ ಭೋಗ್ಯಕ್ಕೆ ಹಾಕಿಕೊಂಡವರ ಕಷ್ಟ ದೊಡ್ಡದು. ತಿಂಗಳ ಬಾಡಿಗೆಯೇ ಇಲ್ಲದಿರುವಾಗ ಕಡಿಮೆ ಮಾಡುವುದೆಲ್ಲಿಂದ? ಅಂಥವರು ಆ ಮನೆಗೆ ಬರಬಹುದಾಗಿದ್ದ ಮಾಸಿಕ ಬಾಡಿಗೆಯನ್ನು ಹಿಡಿದು ಮೇಲಿನಂತೆಯೇ ಲೆಕ್ಕ ಹಾಕಿ, ಅಷ್ಟನ್ನು ಓನರ್ ತಿಂಗಳು ತಿಂಗಳು ಕೊಡಬೇಕೆಂದು ಕೇಳಬೇಕು. ಕೊಟ್ಟ ಮೊತ್ತದ ಬ್ಯಾಂಕ್ ಬಡ್ಡಿಯ ಲೆಕ್ಕ ಹಿಡಿದರೆ ತುಂಬ ಕಡಿಮೆ ಬರುತ್ತದೆ: 8 ಲಕ್ಷಕ್ಕೆ 8 ಶೇಕಡಾದಂತೆ ತಿಂಗಳಿಗೆ 5,333, ಅದರ 17 ಶೇಕಡಾ ಎಂದರೆ ಬರೀ 907. ಓನರ್ ಆ ಲೆಕ್ಕ ಮುಂದಿಟ್ಟರೆ ಒಪ್ಪಬೇಡಿ.

ಪತ್ರ, ಹಣ, ಸಾಕ್ಷ್ಯ

ಲೆಕ್ಕ ಸಿದ್ಧವಾದ ಮೇಲೆ ಒಂದು ಪತ್ರ. ವಕೀಲರ ನೋಟಿಸ್ ಆಮೇಲೆ ನೋಡೋಣ. ಮೊದಲ ಪತ್ರ ನಿಮ್ಮದೇ ಇರಲಿ, ಮೆತ್ತಗಿರಲಿ, ಆದರೆ ಪೂರ್ತಿ ಇರಲಿ.

“ಮಾನ್ಯರೇ, ತಾವು ನಮಗೆ ಬಾಡಿಗೆಗೆ ಕೊಟ್ಟಿರುವ ಮನೆಯ ಹಿಂಬದಿಯ ಕೋಣೆಯ ಚಾವಣಿ ಇಂಥ ತಾರೀಖಿನಿಂದ ಸೋರುತ್ತಿದ್ದು, ಕೋಣೆಯನ್ನು ಬಳಸಲಾಗುತ್ತಿಲ್ಲ. ಈ ಬಗ್ಗೆ ಇಂಥ ದಿನಗಳಂದು ತಮಗೆ ತಿಳಿಸಿದ್ದೇವೆ. ಚಿತ್ರಗಳನ್ನು ಲಗತ್ತಿಸಿದೆ. ಪತ್ರ ತಲುಪಿದ 15 ದಿನಗಳೊಳಗೆ ರಿಪೇರಿ ಶುರು ಮಾಡಿಸಬೇಕೆಂದೂ, ಕೋಣೆ ಬಳಕೆಗೆ ಸಿಗುವವರೆಗೆ ಬಾಡಿಗೆಯಲ್ಲಿ ತಿಂಗಳಿಗೆ 5,000 ರೂಪಾಯಿ ಇಳಿಸಬೇಕೆಂದೂ ಕೋರುತ್ತೇವೆ. ತಮ್ಮ ಉತ್ತರ ಬರುವವರೆಗೆ ಪೂರ್ತಿ ಬಾಡಿಗೆಯನ್ನು ನಮ್ಮ ಹಕ್ಕನ್ನು ಕಾಯ್ದಿರಿಸಿಕೊಂಡು ಪಾವತಿಸುತ್ತೇವೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಪೂರ್ತಿ ಕೊಟ್ಟಿದ್ದೀರಿ, ಅಂದರೆ ಒಪ್ಪಿದ್ದೀರಿ ಎಂದು ಮುಂದೆ ಯಾರೂ ಹೇಳದಂತೆ ಅದು ಕಾಯುತ್ತದೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ, ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ನೋಂದಣಿ ಮತ್ತು ತಲುಪಿದ ಪುರಾವೆಯ ಸೇವೆ ಕೇಳಿ ಕಳಿಸಿ. ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ, ಕೆಲವು ತಿಂಗಳ ನಂತರ ಅದು ಸಿಗದೆ ಹೋಗಬಹುದು. ಕೈಗೆ ನಗದು ಕೊಡುವ ಅಭ್ಯಾಸವಿದ್ದರೆ ಇಂದಿಗೇ ಬಿಡಿ. ಬ್ಯಾಂಕ್ ಅಥವಾ ಯುಪಿಐ ಮೂಲಕ ಕಳಿಸಿ, ಷರಾದಲ್ಲಿ ತಿಂಗಳ ಹೆಸರು ಬರೆಯಿರಿ. ಓನರ್ ಕಡಿತಕ್ಕೆ ಬರಹದಲ್ಲಿ ಒಪ್ಪಿದ ಮೇಲೆ ಮಾತ್ರ ಕಡಿಮೆ ಕಳಿಸಿ. ಒಪ್ಪದೆ ಹೋದರೆ ವಕೀಲರನ್ನು ಕೇಳಿ, ಕಡಿತ ಮಾಡಿ ಕೊಡುವುದೋ, ಪೂರ್ತಿ ಕೊಟ್ಟು ವಾಪಸಿಗೆ ದಾವೆ ಹೂಡುವುದೋ ಎಂದು ತೀರ್ಮಾನಿಸಿ. ಎರಡನೆಯದು ನಿಧಾನ, ಆದರೆ ಮನೆ ಬಿಡಿಸುವ ನೆಪ ಸಿಗುವುದಿಲ್ಲ.

ಫೋಟೋ, ವಿಡಿಯೋ, ವಾಟ್ಸ್ಆ್ಯಪ್ ಸಂದೇಶಗಳನ್ನು ಕೋರ್ಟಿಗೆ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಆದ್ದರಿಂದ ಮೂಲ ಫೋನಿನಲ್ಲಿರುವುದನ್ನು ಅಳಿಸಬೇಡಿ, ಫೋನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ದಾವೆ ಹೂಡಿದರೆ, ಸ್ಥಳಕ್ಕೆ ಬಂದು ನೋಡಿ ವರದಿ ಕೊಡಲು ಕೋರ್ಟ್ ಕಮಿಷನರ್ ನೇಮಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಅರ್ಜಿ ಹಾಕಬಹುದು. ಸೋರುವ ಮನೆಯ ಪ್ರಕರಣದಲ್ಲಿ ಆ ವರದಿಗಿರುವ ತೂಕ ನೂರು ಫೋಟೋಗಳಿಗಿಲ್ಲ, ಆದರೆ ಮಳೆಗಾಲ ಮುಗಿಯುವ ಮೊದಲು ಕೇಳಬೇಕು.

ಕೋರ್ಟಿಗಿಂತ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು, ಶುಲ್ಕವಿಲ್ಲ. ಅಲ್ಲಿನ ತೀರ್ಪಿಗೆ ಡಿಕ್ರಿಯಷ್ಟೇ ಬೆಲೆ, ಅಪೀಲು ಇಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಒಂದು ಮಾತು. ಬಾಡಿಗೆದಾರರು ಲಿಫ್ಟ್, ಜಿಮ್, ಟೆರೇಸ್ ಬಳಸಬಾರದೆಂದು ಸಂಘ ಬೋರ್ಡು ಹಾಕಿದರೆ ಸಂಘದ ಕಾರ್ಯದರ್ಶಿಯ ಜೊತೆ ಜಗಳಕ್ಕಿಳಿಯಬೇಡಿ. ಸಂಘಕ್ಕೂ ನಿಮಗೂ ನೇರ ಕರಾರಿಲ್ಲ. ನೀವು ಕೇಳಬೇಕಾದ್ದು ನಿಮ್ಮ ಓನರನ್ನು. ಹಂಚಿಕೆಯ ಜಾಗದಲ್ಲಿ ಪಾಲಿರುವುದು, ಸಂಘದ ಸಭೆಯಲ್ಲಿ ಮಾತಾಡುವ ಹಕ್ಕಿರುವುದು ಅವರಿಗೆ. ಕರಾರಿನಲ್ಲಿ ಪಾರ್ಕಿಂಗ್ ಸ್ಲಾಟಿನ ನಂಬರ್ ಬರೆಸಿದ್ದರೆ ಓನರ್ ನುಣುಚಿಕೊಳ್ಳುವುದು ಕಷ್ಟ.

ಅಂಗಡಿಯವರಿಗೆ ರಸ್ತೆ ಅಗಲೀಕರಣ, ಮೆಟ್ರೋ ಕಾಮಗಾರಿಯಲ್ಲಿ ಮುಂಭಾಗದ ಎಂಟು ಹತ್ತು ಅಡಿ ಹೋಗುವುದು ದೊಡ್ಡ ಪೆಟ್ಟು. ಪರಿಹಾರ ಮಾಲೀಕರ ಹೆಸರಿಗೆ ಬರುತ್ತದೆ, ವ್ಯಾಪಾರ ಹೋಗುವುದು ಬಾಡಿಗೆದಾರರದ್ದು. ಸ್ವಾಧೀನ 2013ರ ಭೂಸ್ವಾಧೀನ ಕಾಯ್ದೆಯಡಿ ನಡೆದರೆ, ಸ್ವಾಧೀನಕ್ಕೆ ಮುಂಚೆ 3 ವರ್ಷ ಅಲ್ಲೇ ದುಡಿದು ಅದರಿಂದಲೇ ಜೀವನ ನಡೆಸಿದ ಬಾಡಿಗೆದಾರರ ಕುಟುಂಬವೂ ‘ಬಾಧಿತ ಕುಟುಂಬ’ದ ವ್ಯಾಖ್ಯೆಯೊಳಗೆ ಬರುತ್ತದೆ. ಅದನ್ನು ತೋರಿಸಲು ಬೇಕಾಗುವುದು ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ದಾಖಲೆ, ಆ ವಿಳಾಸದ ಕರೆಂಟ್ ಬಿಲ್ಲು. ಸರ್ವೆಯವರು ಅಳತೆಗೆ ಬಂದ ದಿನ ಅಂಗಡಿಯಲ್ಲಿದ್ದು, ನಿಮ್ಮ ಹೆಸರು ಪಟ್ಟಿಯಲ್ಲಿ ಬಾಡಿಗೆದಾರರೆಂದು ದಾಖಲಾಯಿತೇ ಎಂದು ನೋಡಿಕೊಳ್ಳಿ. ಸ್ವಾಧೀನ ಬೇರೆ ಕಾಯ್ದೆಯಡಿ ನಡೆಯುತ್ತಿದ್ದರೆ ಪುನರ್ವಸತಿಯ ನಿಯಮವೂ ಬೇರೆ; ನೋಟಿಸಿನ ತಲೆಬರಹದಲ್ಲಿ ಯಾವ ಕಾಯ್ದೆ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ.

ಕೊನೆಗೆ ಮನೆ ಬಿಡುವ ದಿನ. ತಿಂಗಳ ಬಾಡಿಗೆಗೆ ಬೇರೆ ಕರಾರಿಲ್ಲದಿದ್ದರೆ 15 ದಿನದ ನೋಟಿಸ್ ಸಾಕು, ಆದರೆ ಹೆಚ್ಚಿನ ಕರಾರುಗಳು ಒಂದೋ ಎರಡೋ ತಿಂಗಳು ಎನ್ನುತ್ತವೆ. ಅಡ್ವಾನ್ಸ್ ಲೆಕ್ಕ ಮಾಡುವಾಗ ಅದೇ ಸೋರಿದ ಗೋಡೆಗೆ “ಪೇಂಟಿಂಗ್ ಚಾರ್ಜ್” ಎಂದು ಮುರಿದುಕೊಳ್ಳುವ ಓನರ್‌ಗಳಿದ್ದಾರೆ. ಬೂಸ್ಟು ಹಿಡಿದದ್ದು ಬಾಡಿಗೆದಾರರ ಬಳಕೆಯಿಂದಲ್ಲ ಎಂದು ತೋರಿಸಲು ನೀವು ಮೊದಲು ಕಳಿಸಿದ್ದ ಪತ್ರದ ಪ್ರತಿ, ತಲುಪಿದ ಪುರಾವೆ, ಮನೆಗೆ ಬಂದ ದಿನ ತೆಗೆದ ಗೋಡೆಯ ವಿಡಿಯೋ ಇಷ್ಟನ್ನು ಕೀ ಕೊಡುವ ಮೊದಲೇ ಮುಂದಿಡಿ. ಕೀ ಕೊಟ್ಟದ್ದಕ್ಕೂ, ಬಂದ ಹಣಕ್ಕೂ ಒಂದೇ ಹಾಳೆಯಲ್ಲಿ ಸಹಿ ಪಡೆದುಕೊಳ್ಳಿ. ಒಪ್ಪದ ಕಡಿತವಿದ್ದರೆ “ಪೂರ್ತಿ ಲೆಕ್ಕ ಚುಕ್ತಾ” ಎಂಬ ಸಾಲಿನ ಕೆಳಗೆ ಸಹಿ ಹಾಕಬೇಡಿ. “ಇಷ್ಟು ಮೊತ್ತ ತಲುಪಿದೆ, ಉಳಿದ ಇಷ್ಟು ಬರಬೇಕಿದೆ” ಎಂದು ಬರೆದು ಸಹಿ ಹಾಕಿ.